ನಲ್ಲಿ ತಿರುಗಿಸಿ ನೋಡುವವರು ಬೇಕಾಗಿದ್ದಾರೆ

ಯುವ ಗೆಳೆಯರೇ, 2016ರ ನವೆಂಬರ್ ನೆನಪಿದೆಯೇ? ನಿಮ್ಮಲ್ಲಿ ಎಷ್ಟೋ ಮಂದಿ ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಿರಿ. ನೋಟು ರದ್ದತಿಯಿಂದಾಗಿ ಮನೆಯ ಹಿರಿಯರು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತಿದ್ದ ಆ ದಿನಗಳಲ್ಲಿ, ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಅದನ್ನು ಪತ್ತೆ ಹಚ್ಚುತ್ತದೆ ಎಂದು ದೇಶದ ಕೆಲವು ಸುದ್ದಿ ವಾಹಿನಿಗಳು ಗ್ರಾಫಿಕ್ಸ್ ಸಮೇತ ಸಾರಿದವು. ರಿಸರ್ವ್ ಬ್ಯಾಂಕ್ ನವೆಂಬರ್ 8ರಂದೇ ಆ ನೋಟಿನ ಲಕ್ಷಣಗಳನ್ನು ಒಂದೊಂದಾಗಿ ಬರೆದು ಪ್ರಕಟಿಸಿತ್ತು. ಅದರಲ್ಲಿ ಚಿಪ್‌ನ ಮಾತೇ ಇರಲಿಲ್ಲ. ಓದುವ ತಾಳ್ಮೆ ಸ್ಟುಡಿಯೊದಲ್ಲಿ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ.

ಹಾಗೆಂದು ಪತ್ರಿಕೆ, ಟಿವಿ ಎಲ್ಲವನ್ನೂ ಮೂಲೆಗೆಸೆದು ವಾಟ್ಸ್‌ಆ್ಯಪನ್ನೇ ನಂಬೋಣವೇ? ಖಂಡಿತ ಬೇಡ! ಪತ್ರಿಕೆಗೆ ವಿಳಾಸವಿದೆ, ಸಂಪಾದಕರ ಹೆಸರಿದೆ, ತಪ್ಪಿದರೆ ಪತ್ರಿಕಾ ಮಂಡಳಿಗೆ ದೂರು ಕೊಡುವ ದಾರಿಯಿದೆ. ಫಾರ್ವರ್ಡ್ ಆಗಿ ಬಂದ ಸುಳ್ಳಿಗೆ ಯಾವ ಊರು, ಯಾವ ಮನೆ? 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಂದಿನಿಂದ ಬೆಳೆದು ಬಂದ ಕನ್ನಡ ಪತ್ರಿಕೋದ್ಯಮ ನಮ್ಮೆಲ್ಲರ ಆಸ್ತಿ. ಪತ್ರಿಕೆಗಳ ತಪ್ಪು ಒಳಗಿನಿಂದಲೇ ಬಯಲಾದದ್ದೂ ಉಂಟು. 2009ರ ಚುನಾವಣೆಯಲ್ಲಿ ಮಹಾರಾಷ್ಟ್ರದ ಪತ್ರಿಕೆಗಳು ಅಭ್ಯರ್ಥಿಯ ಹೊಗಳಿಕೆಯನ್ನು ಸುದ್ದಿಯ ವೇಷ ತೊಡಿಸಿ ಅಚ್ಚು ಹಾಕಿದ್ದನ್ನು ಬಯಲಿಗೆಳೆದವರು ಪಿ. ಸಾಯಿನಾಥ್. ಅವರೂ ಪತ್ರಕರ್ತರೇ, ಅವರ ವರದಿ ಅಚ್ಚಾದದ್ದೂ ಪತ್ರಿಕೆಯಲ್ಲೇ.

ಆದರೆ ಸುಳ್ಳಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮೌನ. ಎಷ್ಟೋ ಪತ್ರಿಕೆಗಳಿಗೆ ಇಡೀ ತಾಲ್ಲೂಕಿಗೆ ಒಬ್ಬರೇ ವರದಿಗಾರರು. ಅನೇಕ ಕಡೆ ಜಾಹೀರಾತು ತರುವ ಹೊಣೆಯೂ ಅವರ ಹೆಗಲ ಮೇಲೆ. ಅವರು ಎಷ್ಟು ಹಳ್ಳಿ ತಿರುಗಬಲ್ಲರು? ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ತಲುಪಲಿಲ್ಲ ಎಂಬ ನೋವು ರಾಯಚೂರಿನ ಜಿಲ್ಲಾ ಪುಟದಲ್ಲಿ ಒಂದು ದಿನ ಕಾಣಿಸಿಕೊಂಡು, ಮೈಸೂರಿನ ಮನೆಬಾಗಿಲಿಗೆ ಬೀಳುವ ಸಂಚಿಕೆಯಲ್ಲಿ ಒಂದು ಸಾಲೂ ಆಗದೆ, ರಾಜಧಾನಿಯ ಕಿವಿಗೂ ಬೀಳದೆ, ಮರುದಿನದ ರದ್ದಿಯಲ್ಲಿ ಸೇರಿಹೋಗುತ್ತದೆ. ಒಂದೇ ನಾಡು. ಒಂದೇ ನುಡಿ. ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿಲ್ಲ!

ಆ ಮೌನವನ್ನು ಮುರಿಯುವವರು ಯಾರು? ನೀವೇ. ಕೈಯಲ್ಲಿ ಫೋನಿದೆ, ಕಾಲಲ್ಲಿ ಕಸುವಿದೆ, ನಿಮ್ಮೂರಿನ ಓಣಿ ಓಣಿಯೂ ನಿಮಗೆ ಗೊತ್ತಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಬೆನ್ನಿಗಿದೆ: ಹತ್ತು ರೂಪಾಯಿ ಶುಲ್ಕ, ಕನ್ನಡದಲ್ಲೇ ಬರೆದ ಒಂದು ಅರ್ಜಿ, 30 ದಿನಗಳಲ್ಲಿ ಉತ್ತರ ಕೊಡಬೇಕಾದ ಕಚೇರಿ. ಯಾವ ದೊಡ್ಡ ವಾಹಿನಿಗೂ ಇದಕ್ಕಿಂತ ಹೆಚ್ಚಿನ ಹಕ್ಕನ್ನು ಆ ಕಾಯ್ದೆ ಕೊಟ್ಟಿಲ್ಲ. ಹಾಗಿದ್ದೂ ನಾವೇಕೆ ಗ್ರಾಮಸಭೆಯ ದಿನ ಮನೆಯಲ್ಲೇ ಉಳಿಯುತ್ತೇವೆ? ಯಾರೋ ಹೇಳಿದ್ದನ್ನು ಹಂಚುವ ನಾವು, ಕಂಡದ್ದನ್ನು ಬರೆಯಲು ಏಕೆ ಹಿಂಜರಿಯುತ್ತೇವೆ?

ಈ ವಾರವೇ ಶುರುಮಾಡೋಣ. ನಿಮ್ಮೂರಿನ ಬಗ್ಗೆ ಬಂದ ಒಂದೇ ಒಂದು ಸುದ್ದಿಯನ್ನು ಕತ್ತರಿಸಿಟ್ಟುಕೊಳ್ಳಿ. ‘ಕುಡಿಯುವ ನೀರಿನ ಟ್ಯಾಂಕ್ ಉದ್ಘಾಟನೆ’ ಎಂದಿದೆಯೇ? ತಿಂಗಳು ಕಳೆದ ಮೇಲೆ ಅಲ್ಲಿಗೆ ನಡೆದುಹೋಗಿ. ನಲ್ಲಿ ತಿರುಗಿಸಿ. ನೀರು ಬಂದರೆ ಬಂತೆಂದು ಬರೆಯಿರಿ. ಬಾರದಿದ್ದರೆ ದಿನಾಂಕ ಹಾಕಿ, ಫೋಟೊ ತೆಗೆದು, ನಿಮ್ಮ ಹೆಸರು ಬರೆದು, ಪಂಚಾಯಿತಿಗೊಂದು, ಪತ್ರಿಕೆಗೊಂದು ಪ್ರತಿ ಕಳಿಸಿ.