ಚರ್ಮದ ಮೇಲಿನ ಅತಿಥಿ ಮತ್ತು ನೆರೆಯವನ ಹಕ್ಕು



ಶುಚಿತ್ವವನ್ನು ವಿಶ್ವಾಸದ ಅರ್ಧಭಾಗವೆಂದು ಪರಿಗಣಿಸುವ ಸಮುದಾಯ ನಮ್ಮದು. ದಿನಕ್ಕೆ ಐದು ಬಾರಿ ವುಝೂ ಮಾಡುತ್ತೇವೆ. ಕೈ ತೊಳೆಯುತ್ತೇವೆ, ಮೂಗಿಗೆ ನೀರೇರಿಸಿ ಶುಚಿಗೊಳಿಸುತ್ತೇವೆ. ಆ ಬಳಿಕ, ಹತ್ತಾರು ಮಂದಿ ಒರೆಸಿಕೊಂಡ ಒದ್ದೆ ಟವೆಲಿನಿಂದಲೇ ಮುಖ ಒರೆಸಿಕೊಳ್ಳುತ್ತೇವೆ. ಇಂದಿನ ಮಾತನ್ನು ಈ ವೈರುಧ್ಯದಿಂದಲೇ ಆರಂಭಿಸೋಣ.

ಸ್ಟೆಫಿಲೊಕಾಕಸ್ ಆರಿಯಸ್ ಎಂಬುದೊಂದು ಬ್ಯಾಕ್ಟೀರಿಯಾ. ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಓಗ್‌ಸ್ಟನ್ 1880ರ ಸುಮಾರಿಗೆ ರೋಗಿಗಳ ಕೀವಿನಲ್ಲಿ ಈ ಬಗೆಯ ಅಣುಜೀವಿಗಳನ್ನು ಗುರುತಿಸಿದರು. ದ್ರಾಕ್ಷಿಯ ಗೊಂಚಲಿನಂತೆ ಕಾಣುವುದರಿಂದ ಅವುಗಳಿಗೆ ಗ್ರೀಕ್ ಮೂಲದ ಈ ಹೆಸರು ಬಂತು. ಸರಿಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಆದರೆ ಚರ್ಮ ಒಡೆದಲ್ಲಿ ಒಳನುಗ್ಗಿದರೆ ಕುರು, ಕೀವು, ಮಕ್ಕಳ ಮುಖದ ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ರಕ್ತವನ್ನು ಸೇರಿದರೆ ಎಲುಬು, ಶ್ವಾಸಕೋಶ, ಹೃದಯದ ಕವಾಟಗಳಿಗೂ ಹಬ್ಬಿ ಪ್ರಾಣಕ್ಕೇ ಎರವಾಗಬಹುದು. ಮಧುಮೇಹಿಗಳ ಪಾದದ ಸಣ್ಣ ಗಾಯವನ್ನೂ ಕಡೆಗಣಿಸಬಾರದೆನ್ನುವುದು ಇದಕ್ಕಾಗಿಯೇ.

ಇನ್ನೊಂದು ವಿಚಾರ. ಬೆರಳಲ್ಲಿ ಕೀವುಗಾಯ ಇರುವವರು ವಲೀಮಾದ ಅಡುಗೆಯನ್ನು ಮುಟ್ಟಿದರೆ, ಆ ಆಹಾರ ಗಂಟೆಗಟ್ಟಲೆ ಹೊರಗಿದ್ದರೆ, ಈ ಬ್ಯಾಕ್ಟೀರಿಯಾ ಅದರಲ್ಲಿ ವಿಷವನ್ನು ಸ್ರವಿಸುತ್ತದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಆ ವಿಷ ಉಳಿಯುತ್ತದೆ.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಪೆನಿಸಿಲಿನ್ ಕಂಡುಹಿಡಿದದ್ದು ಇದೇ ಜಾತಿಯ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದ ತಟ್ಟೆಯಲ್ಲಿ. ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ತಳಿಗಳು ಕಾಣಿಸಿಕೊಂಡವು. 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲೇ ಅದಕ್ಕೂ ಬಗ್ಗದ ತಳಿಗಳು ಇಂಗ್ಲೆಂಡಿನಲ್ಲಿ ವರದಿಯಾದವು. ಕಡಿಮೆ ಪ್ರಮಾಣದ ಔಷಧ ಅಣುಜೀವಿಗಳನ್ನು ಕೊಲ್ಲದೆ ಬಲಿಷ್ಠಗೊಳಿಸುತ್ತದೆಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ನಾವು ಕೇಳಿಸಿಕೊಳ್ಳಲಿಲ್ಲ. 2019ರಲ್ಲಿ ಜಗತ್ತಿನಾದ್ಯಂತ 12 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ನೇರ ಕಾರಣವಾದವೆಂದು ಅಂದಾಜಿಸಲಾಗಿದೆ. ಮೆಥಿಸಿಲಿನ್‌ಗೆ ಬಗ್ಗದ ಈ ಒಂದು ತಳಿಯ ಪಾಲೇ ಅದರಲ್ಲಿ ಒಂದು ಲಕ್ಷಕ್ಕಿಂತ ಅಧಿಕ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ನೆಗಡಿಗೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತರುತ್ತೇವೆ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವಂಥದ್ದು. ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಎರಡು ದಿನ ನುಂಗಿ, ಉಳಿದುದನ್ನು ಮುಂದಿನ ಜ್ವರಕ್ಕೆಂದು ಎತ್ತಿಡುತ್ತೇವೆ. ಅನೇಕ ಆ್ಯಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ ತಡೆಯಲು ಸರಕಾರ 2014ರಿಂದ ಎಚ್-1 ಪಟ್ಟಿಯನ್ನು ಜಾರಿಗೊಳಿಸಿತು. ಆದರೆ ಪಟ್ಟಿ ಮಾಡಿದರೆ ಸಾಲದು. ಸರಕಾರಿ ಆಸ್ಪತ್ರೆಯ ಸರತಿಯಲ್ಲಿ ಒಂದು ದಿನದ ಕೂಲಿಯನ್ನು ಕಳಕೊಳ್ಳಬೇಕಾದ ಬಡವ ಅಂಗಡಿಯ ಮಾತ್ರೆಗೇ ಮೊರೆಹೋಗುತ್ತಾನೆ. ಅವನನ್ನು ದೂಷಿಸುವ ಮುನ್ನ ವಾರ್ಡಿಗೊಂದು ಸುಸಜ್ಜಿತ ಚಿಕಿತ್ಸಾಲಯವನ್ನು ಕೊಡಿರೆಂದು ಆಳುವವರನ್ನು ನಾವು ಕೇಳಬೇಕು.

ರೋಗಾಣುವಿಗೆ ಧರ್ಮವಿಲ್ಲ. 2020ರಲ್ಲಿ ಒಂದು ವೈರಸ್ಸಿಗೆ ನಮ್ಮ ಸಮುದಾಯದ ಹಣೆಪಟ್ಟಿ ಹಚ್ಚಿದಾಗ ಆದ ನೋವನ್ನು ನಾವು ಮರೆತಿಲ್ಲ. ಆ ನೋವು ನಮ್ಮನ್ನು ಹೆಚ್ಚು ಹೊಣೆಗಾರರನ್ನಾಗಿಸಬೇಕು. ನಮ್ಮ ಅಜಾಗ್ರತೆಯಿಂದ ಬಲಿತ ಬ್ಯಾಕ್ಟೀರಿಯಾ ನಾಳೆ ಪಕ್ಕದ ಮನೆಯ ಬಾಣಂತಿಯನ್ನೋ ಹಸುಗೂಸನ್ನೋ ಬಾಧಿಸಬಹುದು. ಹಾಗಾದರೆ ಇದು ಕೇವಲ ಆರೋಗ್ಯದ ಪ್ರಶ್ನೆಯಲ್ಲ, ನೆರೆಯವನ ಹಕ್ಕಿನ ಪ್ರಶ್ನೆ.

ಆದ್ದರಿಂದ ಮಸೀದಿಯ ಸಾಮೂಹಿಕ ಟವೆಲನ್ನು ಇಂದೇ ತೆಗೆಯೋಣ. ಕುರುವನ್ನು ಹಿಚುಕದಿರೋಣ, ಗಾಯವನ್ನು ಮುಚ್ಚಿಡೋಣ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರು ಹೇಳಿದಷ್ಟು ದಿನ ಸೇವಿಸೋಣ, ಬರೆದುಕೊಡದಿದ್ದರೆ ಒತ್ತಾಯಿಸದಿರೋಣ. ದೇಹ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಔಷಧವೂ ಹಾಗೆಯೇ, ಅದರಲ್ಲಿ ಮುಂದಿನ ಪೀಳಿಗೆಯ ಪಾಲೂ ಇದೆ. ಅದನ್ನು ಕಾಪಾಡುವ ವಿವೇಕವನ್ನು ಅವನು ನಮಗೆ ಕರುಣಿಸಲಿ, ಆಮೀನ್.