ಕೊಟ್ಟಷ್ಟೂ ವೇಗ



ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟು ಹೋಗುವುದು, ಅದರ ಹಿಂದೆಯೇ ಇಂಟರ್ನೆಟ್ಟೂ ನಿಲ್ಲುವುದು ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೊಸದಲ್ಲ. ಹಲವು ಜಿಬಿಯ ಉಬುಂಟು ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳುವ ವಿದ್ಯಾರ್ಥಿಗೆ ಇಂಥ ದಿನಗಳಲ್ಲಿ ಟೊರೆಂಟ್ ತುಂಬಾ ಹೊಂದುತ್ತದೆ.

ಪ್ರೋಗ್ರಾಮರ್ ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ವಿಧಾನ ಇದು. ಇದರಲ್ಲಿ ಕಡತವನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಆ ತುಂಡುಗಳು ಒಂದೇ ಕಡೆಯಿಂದಲ್ಲ, ಅದೇ ಕಡತ ಇಟ್ಟುಕೊಂಡಿರುವ ಹತ್ತಾರು ಜನರ ಕಂಪ್ಯೂಟರಿನಿಂದ ಬರುತ್ತವೆ. ಬಂದ ತುಂಡು ಸರಿಯಿದೆಯೇ ಎಂದು ಆಗಲೇ ಪರೀಕ್ಷೆಯಾಗುತ್ತದೆ. ಹಾಗಾಗಿ ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರುಮಾಡಬೇಕಿಲ್ಲ.

ಇನ್ನು ವೇಗದ ವಿಚಾರ. ಪೂರ್ತಿ ಕಡತ ಇಟ್ಟುಕೊಂಡು ಹಂಚುವವರನ್ನು ಸೀಡರ್ ಎನ್ನುತ್ತಾರೆ. ಒಂದೇ ಕಡತಕ್ಕೆ ಹಲವು ಟೊರೆಂಟ್ ಇದ್ದರೆ ಸೀಡರ್‌ಗಳು ಹೆಚ್ಚಿರುವುದನ್ನೇ ಆರಿಸಿ. ಹಂಚುವವರೇ ಇಲ್ಲದ ಕಡೆ ಯಾವ ಉಪಾಯವೂ ನಡೆಯದು.

ಹೆಚ್ಚಿನವರು ಎಡವುವುದು ಅಪ್‌ಲೋಡ್ ವಿಷಯದಲ್ಲಿ. ಕೊಡುವುದನ್ನು ನಿಲ್ಲಿಸಿದರೆ ತಮಗೆ ಬೇಗ ಬರುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ. ನಾಟಿಯ ಕಾಲದ ಮುಯ್ಯಾಳಿನಂತೆ ಇಲ್ಲೂ ಲೆಕ್ಕವಿದೆ: ಯಾರು ತನಗೆ ಹೆಚ್ಚು ಕೊಡುತ್ತಿದ್ದಾರೆ ಎಂದು ಪ್ರತಿ ಕಂಪ್ಯೂಟರೂ ಸುಮಾರು 10 ಸೆಕೆಂಡಿಗೊಮ್ಮೆ ನೋಡಿ, ಅವರಿಗೇ ಮೊದಲು ಕೊಡುತ್ತದೆ. ಆದರೆ ಅಪ್‌ಲೋಡಿಗೆ ಮಿತಿಯೇ ಇಲ್ಲದಂತೆ ಬಿಡುವುದೂ ತಪ್ಪು. ಡೇಟಾ ತಲುಪಿತು ಎಂಬ ಉತ್ತರ ಹೋಗುವುದು ಅದೇ ದಾರಿಯಲ್ಲಿ. ಅದು ತುಂಬಿಹೋದರೆ ಉತ್ತರ ತಡವಾಗಿ, ಡೌನ್‌ಲೋಡೂ ಕುಂಟುತ್ತದೆ. ಹಳೆಯ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಈ ದಾರಿ ತೀರಾ ಕಿರಿದು. ಆದ್ದರಿಂದ ನಿಮ್ಮ ಅಪ್‌ಲೋಡ್ ವೇಗವನ್ನು ಅಳೆದು, ಅದರ ಶೇಕಡಾ 80ರಷ್ಟಕ್ಕೆ ಮಿತಿ ಹಾಕಿ. ಒಂದು ಸಲ ಇಷ್ಟು ಮಾಡಿದರೆ ಮನೆಯ ಇತರರ ವಿಡಿಯೊ ಕರೆಯೂ ತಡವರಿಸುವುದಿಲ್ಲ.

ರೂಟರಿನಲ್ಲಿ ಟೊರೆಂಟ್ ತಂತ್ರಾಂಶದ ಪೋರ್ಟ್ ತೆರೆದಿದ್ದರೆ ಹೊರಗಿನವರು ತಾವಾಗಿಯೇ ನಿಮ್ಮನ್ನು ಸಂಪರ್ಕಿಸಬಲ್ಲರು, ತುಂಡು ಸಿಗುವ ದಾರಿಗಳೂ ಹೆಚ್ಚುತ್ತವೆ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಒಂದೇ ವಿಳಾಸವನ್ನು ಅನೇಕರು ಹಂಚಿಕೊಳ್ಳುವುದರಿಂದ ಸಾಮಾನ್ಯವಾಗಿ ಇದು ಸಾಧ್ಯವಾಗುವುದಿಲ್ಲ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ವೈಫೈ ಬಿಟ್ಟು ಕೇಬಲ್ ಹಾಕುವುದು ಲೇಸು. 20 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಎರಡೂವರೆ ಮೆಗಾಬೈಟ್ ಬಂದರೆ ಅದೇ ಪೂರ್ತಿ ವೇಗ. ಏಕೆಂದರೆ ಎಂಬಿಪಿಎಸ್ ಅಳೆಯುವುದು ಮೆಗಾಬಿಟ್‌ಗಳನ್ನು, ಎಂಟು ಬಿಟ್ ಸೇರಿದರೆ ಒಂದು ಬೈಟ್. ವೇಗ ಹೆಚ್ಚಿಸುತ್ತೇವೆ ಎನ್ನುವ ಬೂಸ್ಟರ್ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಕೊನೆಗೆ ಕಾನೂನಿನ ಮಾತು. ಹೊಸ ಸಿನಿಮಾವನ್ನು ಟೊರೆಂಟ್‌ನಲ್ಲಿ ಇಳಿಸುವವರು ಅದೇ ಹೊತ್ತಿಗೆ ಅದನ್ನು ಹಂಚುತ್ತಲೂ ಇರುತ್ತಾರೆ. ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಅದು ಅಪರಾಧ. ನ್ಯಾಯವಾಗಿ ಪಡೆಯುವಂಥದ್ದೇ ಬೇಕಾದಷ್ಟಿದೆ. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್ ತಂತ್ರಾಂಶ ಇದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳಿವೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರದ್ದಾಗುತ್ತದೆ. 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕತೆಗಳನ್ನು ಇಂದು ಯಾರು ಬೇಕಾದರೂ ಹಂಚಬಹುದು.

ಡೌನ್‌ಲೋಡ್ ಮುಗಿದ ಕೂಡಲೇ ತಂತ್ರಾಂಶ ಮುಚ್ಚಬೇಡಿ. ಪಡೆದಷ್ಟನ್ನಾದರೂ ಹಂಚುವವರೆಗೆ ಅದು ನಡೆಯುತ್ತಿರಲಿ.