ಐದು ರೋಗಕ್ಕೆ ಒಂದೇ ಲಸಿಕೆ: ತಾಯಂದಿರ ಪ್ರಶ್ನೆಗಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣಕ್ಕಾಗಿ ಸೇರಿದ ಸಭೆಯಲ್ಲಿ ಲಸಿಕೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮಗು ಆರೋಗ್ಯವಾಗಿ ಬೆಳೆದು ಶಾಲೆಯ ಬಾಗಿಲಿಗೆ ಬಂದರೆ ತಾನೇ ಶಿಕ್ಷಣ? ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಹಲವು ವರ್ಷ ಮಕ್ಕಳಿಗೆ ಚುಚ್ಚುಮದ್ದು ಕೊಟ್ಟವಳು ನಾನು. ತಾಯಂದಿರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, “ಪೋಲಿಯೋ ಹಾಕಿಸಿದ್ದೀವಲ್ಲ, ಮತ್ತೆ ಸೂಜಿ ಯಾಕೆ?” ಪಲ್ಸ್ ಪೋಲಿಯೋ ಭಾನುವಾರದ ಹನಿಗಳು ತಡೆಯುವುದು ಪೋಲಿಯೋ ಒಂದನ್ನು ಮಾತ್ರ. ಪೆಂಟಾವೇಲೆಂಟ್ ಎಂಬ ಸಂಯುಕ್ತ ಲಸಿಕೆ ಬೇರೆ ಐದು ರೋಗಗಳನ್ನು ತಡೆಯುತ್ತದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ, ಮತ್ತು ಎಳೆಯ ಮಕ್ಕಳಿಗೆ ನ್ಯುಮೋನಿಯಾ, ಮೆದುಳು ಜ್ವರ ತರುವ ಹಿಬ್ ಸೋಂಕು. 2011ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಕೇರಳ, ತಮಿಳುನಾಡುಗಳಲ್ಲಿ ಆರಂಭಿಸಿತು; ಮುಂದಿನ ಹಂತದಲ್ಲಿ ಅದು ಕರ್ನಾಟಕಕ್ಕೂ ಬಂತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಎರಡನೆಯದು, “ಐದು ಮದ್ದು ಒಟ್ಟಿಗೆ ಕೊಟ್ಟರೆ ಕೂಸು ತಡೆದೀತೇ?” ಕರುಳು ಕೇಳಿಸುವ ಪ್ರಶ್ನೆ ಇದು, ಇದನ್ನು ಕೇಳಿದವಳನ್ನು ಗದರಿಸಬಾರದು. ಹುಟ್ಟಿದ ದಿನದಿಂದ ಕೂಸಿನ ಮೈ ಗಾಳಿ, ನೀರು, ಮನೆಮಂದಿಯ ಕೈಗಳಿಂದ ಬರುವ ಲೆಕ್ಕವಿಲ್ಲದಷ್ಟು ರೋಗಾಣುಗಳನ್ನು ಎದುರಿಸುತ್ತಲೇ ಇರುತ್ತದೆ. ಅದರ ಮುಂದೆ ಈ ಐದು ಬಹಳ ಕಡಿಮೆ. ಡಿಪಿಟಿ, ಹೆಪಟೈಟಿಸ್ ಬಿ, ಹಿಬ್ ಮೂರನ್ನೂ ಬೇರೆ ಬೇರೆಯಾಗಿ ಮೂರು ಮೂರು ಸಲ ಕೊಟ್ಟರೆ ಒಂಬತ್ತು ಚುಚ್ಚು. ಕೂಡಿಸಿ ಕೊಟ್ಟರೆ ಮೂರೇ.

ಮೂರನೆಯದು ಜ್ವರದ ಭಯ. ಭದ್ರಾವತಿಯ ತಾಯಿಯೊಬ್ಬರು ಮೊದಲ ಸೂಜಿಯಾದ ರಾತ್ರಿ ಮಗು ಮೈ ಸುಟ್ಟು ಅತ್ತಿತೆಂದು ಮತ್ತೆ ಬರಲೇ ಇಲ್ಲ. ಮನೆಗೆ ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಜ್ವರ ಬರುತ್ತೆ ಅಂತ ಮೊದಲೇ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ.” ತಪ್ಪು ಅವರದಲ್ಲ, ಹೇಳದೆ ಕಳಿಸಿದ ನಮ್ಮದು. ಒಂದೆರಡು ದಿನ ಜ್ವರ, ತೊಡೆಯಲ್ಲಿ ಬಾವು, ಕಿರಿಕಿರಿ ಸಾಮಾನ್ಯ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಎದೆಹಾಲು ನಿಲ್ಲಿಸಬೇಡಿ. ಜ್ವರದ ಔಷಧಿಯನ್ನು ಹೇಳಿದ ಅಳತೆಯಲ್ಲೇ ಕೊಡಿ. ಜ್ವರ ಎರಡು ದಿನ ದಾಟಿದರೆ, ಫಿಟ್ಸ್ ಬಂದರೆ, ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು, ಯಾರೂ ಕೇಳದ ಒಂದು ವಿಷಯ. ಈ ಲಸಿಕೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ. ನಮ್ಮ ಮನೆಗಳಲ್ಲಿ ಬಾಣಂತಿ ನಲವತ್ತು ದಿನ ಹೊರಗೆ ಬರುವುದಿಲ್ಲ. ಆರು ವಾರವೆಂದರೆ ನಲವತ್ತೆರಡು ದಿನ! ಸಂಪ್ರದಾಯವೂ ಲಸಿಕೆಯೂ ಜಗಳವಾಡುವುದೇ ಇಲ್ಲ. ತೊಂದರೆ ಬರುವುದು ಆಮೇಲೆ. ಹೆರಿಗೆ ಭದ್ರಾವತಿಯ ತವರಿನಲ್ಲಿ, ಗಂಡನ ಮನೆ ಶಿವಮೊಗ್ಗದಲ್ಲಿ. ಮೂರನೆಯ ತಿಂಗಳಲ್ಲಿ ತೊಟ್ಟಿಲು, ಬಟ್ಟೆಬರೆ ಎಲ್ಲ ಬರುತ್ತದೆ. ತಾಯಿ ಕಾರ್ಡ್ ಮಾತ್ರ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಅಲ್ಲಿಯ ಆಶಾ ಕಾರ್ಯಕರ್ತೆ ಮಗು ಹೋಯಿತೆಂದುಕೊಳ್ಳುತ್ತಾರೆ, ಇಲ್ಲಿಯವರಿಗೆ ಮಗು ಬಂದದ್ದೇ ತಿಳಿಯದು. ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ಈ ದಾರಿಯಲ್ಲಿ ಎಷ್ಟೋ ಮಕ್ಕಳ ಎರಡನೆಯ, ಮೂರನೆಯ ಲಸಿಕೆ ಕಳೆದುಹೋಗಿದೆ.

ತಡವಾಯಿತೆಂದು ನಾಚಿ ಮನೆಯಲ್ಲೇ ಕೂರಬೇಡಿ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಎರಡು ಲಸಿಕೆಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರವಿದ್ದರೆ ಸಾಕು. ಮುಂದೆ ಒಂದೂವರೆ ವರ್ಷದ ಸುಮಾರಿಗೆ ಮತ್ತು ಐದು-ಆರು ವರ್ಷಕ್ಕೆ ಡಿಪಿಟಿ ಬೂಸ್ಟರ್ ಮರೆಯಬಾರದು.

ಗಂಟಲುಮಾರಿ ಅಜ್ಜಿಯ ಕಾಲದ ರೋಗವೆಂದು ತಿಳಿಯಬೇಡಿ. 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅದು ಮರಳಿ ಬಂದು ಹದಿಹರೆಯದವರ ಜೀವ ತೆಗೆಯಿತು. ಅಕ್ಷರದಲ್ಲಿ ಕೇರಳ ನಮಗಿಂತ ಮುಂದಿದೆ. ಓದು ಬಂದರಷ್ಟೇ ಸಾಲದು, ಲಸಿಕೆಯೂ ಪೂರ್ಣವಾಗಬೇಕು.

ಗಂಡಸರಿಗೂ ಒಂದು ಮಾತು. “ಅವರನ್ನು ಕೇಳಿ ಹೇಳ್ತೀನಿ”, “ಅತ್ತೆ ಬೇಡ ಅಂದರು” ಎನ್ನುವ ತಾಯಂದಿರು ಬಹಳ. ಲಸಿಕೆಯ ದಿನ ಅಪ್ಪ ಒಂದು ಹೊತ್ತಿನ ಕೆಲಸ ಬಿಟ್ಟು ಜೊತೆಗೆ ಬಂದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಕನ್ನಡ ಓದಲು ಬರುತ್ತದೆ. ನಿಮ್ಮ ಮನೆಯ ಎಷ್ಟೋ ಹಿರಿಯರಿಗೆ ಬಾರದು. ಇವತ್ತು ಮನೆಗೆ ಹೋಗಿ ಅಕ್ಕನದೋ ಅತ್ತಿಗೆಯದೋ ತಾಯಿ ಕಾರ್ಡ್ ತೆಗೆದು ನೋಡಿ. ಹದಿನಾಲ್ಕನೆಯ ವಾರದ ಚೌಕ ಖಾಲಿಯಿದ್ದರೆ ಮುಂದಿನ ಲಸಿಕೆ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಮಗುವನ್ನು ಕರೆದೊಯ್ಯಿರಿ. ನೀವು ಕಲಿತ ವಿದ್ಯೆ ಮನೆಗೆ ಸಲ್ಲುವುದು ಹೀಗೆಯೇ.